‘ಟು’ ಬಂದರೆ ಬೆಂಚಿಗೆ ಏಟು

ನಗಬಾರದ ಜಾಗದಲ್ಲೇ ನಗು ಬರುವಂಥ ಪ್ರಸಂಗಗಳು ನನ್ನ ಪಾಲಿಗೆ ಯಾಕೆ ಹೀಗೆ ಸಾಲುಗಟ್ಟಿ ಬರುತ್ತವೋ ಗೊತ್ತಿಲ್ಲ. ಬೇರೆಯವರಿಗೆ ಮದುವೆ ಮನೆಯಲ್ಲಿ, ಪ್ರವಾಸದಲ್ಲಿ ತಮಾಷೆ ನಡೆಯುತ್ತದೆ. ನನಗೆ ಆಸ್ಪತ್ರೆಯಲ್ಲಿ, ಸಾವಿನ ಮನೆಯ ಊಟದಲ್ಲಿ. ಇದಕ್ಕೆಲ್ಲ ಕಾರಣ ಇಂಗ್ಲಿಷ್ ವ್ಯಾಕರಣದ ಒಂದು ಪುಟ್ಟ ನಿಯಮ, ಮತ್ತು ಅದನ್ನು ವಿಪರೀತ ಹಚ್ಚಿಕೊಂಡಿದ್ದ ಒಬ್ಬ ಮೇಷ್ಟ್ರು.

ಗಿರಣಿ ನಿಂತದ್ದು

ಮೂಡಲಪಾಳ್ಯದಲ್ಲಿ ಒಂದು ಹಿಟ್ಟಿನ ಗಿರಣಿ. ಅದರ ಮೇಲಿನ ಮಹಡಿಯಲ್ಲಿ ನಮ್ಮ ಸ್ಪೋಕನ್ ಇಂಗ್ಲಿಷ್ ತರಗತಿ. ಮಾತಾಡಿಸುವ ಕೆಲಸ ನನ್ನದು, ವ್ಯಾಕರಣ ಮೇಷ್ಟ್ರದು. ದಾವಣಗೆರೆ ಕಡೆಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿ, ಚಂದ್ರಾ ಲೇಔಟಿನಲ್ಲಿ ಮನೆ ಮಾಡಿಕೊಂಡಿದ್ದರು. ಹಣೆಯ ಮೇಲೆ ವಿಭೂತಿ, ಜೇಬಿನಲ್ಲಿ ಸೀಮೆಸುಣ್ಣ. ಮಕ್ಕಳಿರಲಿಲ್ಲ. ಅವರ ಹೆಂಡತಿಯನ್ನು ನಾವೆಲ್ಲ ಅಮ್ಮ ಎಂದೇ ಕರೆಯುತ್ತಿದ್ದೆವು.

ಮೇಷ್ಟ್ರು ಬಹಳ ತಾಳ್ಮೆಯ ಮನುಷ್ಯ. ಸ್ಪೆಲಿಂಗ್ ತಪ್ಪಿದರೆ ಬೈಯುತ್ತಿರಲಿಲ್ಲ, ‘ಶಿ’ ಅನ್ನುವ ಕಡೆ ‘ಹಿ’ ಅಂದರೂ ಕ್ಷಮಿಸುತ್ತಿದ್ದರು. ಆದರೆ ಒಂದನ್ನು ಮಾತ್ರ ಸಹಿಸುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಎರಡು ಕ್ರಿಯಾಪದ ಒಟ್ಟಿಗೆ ಬಂದರೆ ಸಾಮಾನ್ಯವಾಗಿ ನಡುವೆ ಒಂದು ‘ಟು’ ಬೇಕಾಗುತ್ತದೆ, ‘ಐ ವಾಂಟ್ ಟು ಗೋ’ ಅನ್ನುವ ಹಾಗೆ. ಆದರೆ ಲೆಟ್, ಮೇಕ್, ಸೀ, ಹಿಯರ್ ಇಂಥ ಕೆಲವು ಪದಗಳಿಗೆ ಆ ‘ಟು’ ಕಂಡರೆ ಆಗುವುದಿಲ್ಲ. ಅವುಗಳ ನಂತರ ಬರುವ ಕ್ರಿಯಾಪದ ಬರಿಮೈಯಲ್ಲೇ ಬರಬೇಕು. ‘ಲೆಟ್ ಹಿಮ್ ಗೋ’ ಅಂದರೆ ಸರಿ. ‘ಲೆಟ್ ಹಿಮ್ ಟು ಗೋ’ ಅಂದರೆ ಮೇಷ್ಟ್ರಿಗೆ ಬಿ.ಪಿ. ಏರುತ್ತಿತ್ತು.

ನಮ್ಮ ಕಡೆ ‘ಟು’ ಹಾಕದವರು ಯಾರಿದ್ದಾರೆ ಹೇಳಿ. ಒಂದೊಂದು ಪಾಠದಲ್ಲೂ ಹತ್ತಾರು ಸಲ ತಪ್ಪು ಬೀಳುತ್ತಿತ್ತು, ಹತ್ತಾರು ಸಲ ಮೇಷ್ಟ್ರು ಗಿರಣಿಯ ಸದ್ದನ್ನು ಮೀರಿ ಕೂಗುತ್ತಿದ್ದರು. ಬರಬರುತ್ತಾ ಗಂಟಲು ಒಡೆಯಿತು. ಗಿರಣಿಯ ಧೂಳು, ಸೀಮೆಸುಣ್ಣದ ಪುಡಿ, ಹವಾ ಬದಲಾವಣೆ ಎಂದು ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದೆವು. ಕೂಗುವುದಕ್ಕೆ ಆಗದಿದ್ದಾಗ ಒಂದು ದಿನ ಅವರು ಬೆಂಚಿನ ಮೇಲೆ ಅಂಗೈಯಿಂದ ಒಂದು ಏಟು ಹಾಕಿದರು. ಬೆಂಚಿನ ಮೇಲಿದ್ದ ಹಿಟ್ಟು ಬುಸ್ಸನೆ ಎದ್ದಿತು. ತಪ್ಪು ಮಾಡಿದವನ ಮೀಸೆ ಬೆಳ್ಳಗಾಯಿತು.

ಅಂದಿನಿಂದ ಅದೇ ಪದ್ಧತಿ. ಯಾರಾದರೂ ಆ ‘ಟು’ ಹಾಕಿದರೆ ಮೇಷ್ಟ್ರು ಬೆಂಚು ಬಡಿಯುವುದು, ಅವರ ಹಿಂದೆಯೇ ಇಡೀ ತರಗತಿ ಒಂದೇ ಏಟಿಗೆ ಬಡಿಯುವುದು. ಎಲ್ಲರೂ ಸೇರಿ ಬಡಿದ ಮೊದಲನೇ ದಿನವೇ ಕೆಳಗೆ ಗಿರಣಿ ನಿಂತುಹೋಯಿತು. ಮೇಲೆ ಏನೋ ಕುಸಿಯಿತು ಎಂದು ಹೆದರಿದ ಮಾಲೀಕ ಮೆಟ್ಟಿಲು ಹತ್ತಿ ಬಂದ. ಅವನ ಬೆನ್ನಿಗೇ ಒಬ್ಬ ಆಂಟಿ, ಕೈಯಲ್ಲಿ ಅರ್ಧ ಬೀಸಿದ ರಾಗಿ.

“ಏನಾಯ್ತು ಸಾರ್?” ಎಂದ ಮಾಲೀಕ.

“ಲೆಟ್ ಆದ್ಮೇಲೆ ಟು ಬಂತು,” ಎಂದೆ ನಾನು.

“ಅದ್ಯಾರು ಬಂದ್ರೂ ಬರ್ಲಿ, ಮೊದ್ಲು ನನ್ ರಾಗಿ ಬೀಸ್ಕೊಡ್ರಪ್ಪ,” ಎಂದರು ಆಂಟಿ.

ಕೊನೆಯ ಮಾತು

ಗಂಟಲಿಗೆ ಬಂದಿದ್ದು ಧೂಳಲ್ಲ, ಕ್ಯಾನ್ಸರ್. ಧ್ವನಿಪೆಟ್ಟಿಗೆ ತೆಗೆಯದೆ ಬೇರೆ ದಾರಿಯಿಲ್ಲ, ಆಮೇಲೆ ಮಾತು ಇರುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದರು. ನನಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯದೆ ಗಿರಣಿ ಮಾಲೀಕನ ಜೊತೆ ವಾರಗಟ್ಟಲೆ ಮಾತು ಬಿಟ್ಟೆ. ಅವನಿಗೆ ಪಾಪ ಯಾಕೆಂದೇ ಗೊತ್ತಾಗಲಿಲ್ಲ.

ಆಪರೇಷನ್ನಿನ ಹಿಂದಿನ ದಿನ ಸಂಜೆ ನಾನು ವಾರ್ಡಿಗೆ ಹೋದೆ. ನರ್ಸಮ್ಮ ಬಂದು, “ಏನಾದ್ರೂ ಮಾತಾಡೋದಿದ್ರೆ ಇವತ್ತೇ ಮಾತಾಡ್ಕೊಂಬಿಡಿ,” ಎಂದು ಹೇಳಿ ಹೋದರು. ಮೇಷ್ಟ್ರು ಮಾತ್ರ ಬೆಳಗಿನಿಂದ ತಮ್ಮ ಪಾಠವನ್ನು ನನ್ನ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸುವ ಯೋಚನೆಯಲ್ಲಿದ್ದರು. ನರ್ಸಮ್ಮ ಅತ್ತ ಹೋದ ಕೂಡಲೇ ನನ್ನ ಮೊಬೈಲ್ ಕಿತ್ತುಕೊಂಡು, ಉಳಿದಿದ್ದ ಒಡಕು ದನಿಯಲ್ಲಿ ಶುರು ಮಾಡಿದರು. “ಐ ಸಾ ಹಿಮ್ ಫಾಲ್. ಐ ಹರ್ಡ್ ಹರ್ ಕ್ರೈ. ಶಿ ಮೇಡ್ ಮಿ ಈಟ್.” ಅಮ್ಮ ಮಂಚದ ಪಕ್ಕ ಸ್ಟೂಲಿನ ಮೇಲೆ, ಮಡಿಲಲ್ಲಿ ಊಟದ ಡಬ್ಬಿ ಇಟ್ಟುಕೊಂಡು ಕೂತಿದ್ದರು. ನಾನು ಸನ್ನೆ ಮಾಡಿದೆ, ಸಾಕು, ಅವರ ಹತ್ತಿರ ಮಾತಾಡಿ ಎಂದು. ಮೇಷ್ಟ್ರು ಕೈಯೆತ್ತಿ ತಡೆದು ‘ಹೆಲ್ಪ್’ ಪದಕ್ಕೆ ಬಂದರು. ‘ಹೆಲ್ಪ್’ ಒಂದು ಎರಡೂ ಕಡೆ ಆಡುವ ಪದ, ‘ಟು’ ಇದ್ದರೂ ಸರಿ, ಇಲ್ಲದಿದ್ದರೂ ಸರಿ, ಅದಕ್ಕೆ ಬೆಂಚು ಬಡಿಯಬೇಡಿ ಎಂದು ಹೇಳಿ ಕೆಮ್ಮಿದರು.

ಕೊನೆಗೆ ಅಮ್ಮನೇ ಬಾಯಿ ಬಿಟ್ಟರು. “ಇಷ್ಟು ವರ್ಷ ಸಂಸಾರ ಮಾಡೀವಿ. ನಂಗೊಂದು ಮಾತು ಏನಾರ ಹೇಳ್ರಿ.”

ಮೇಷ್ಟ್ರು ಅವರನ್ನೇ ಬಹಳ ಹೊತ್ತು ನೋಡಿದರು. ಕಣ್ಣಲ್ಲಿ ನೀರು ತುಂಬಿತ್ತು. ನಾನು ಎದ್ದು ಹೊರಗೆ ಹೋಗಬೇಕು ಎಂದುಕೊಂಡೆ. ಅಷ್ಟರಲ್ಲಿ ಅವರು ಅಮ್ಮನ ಕೈ ಹಿಡಿದು ಕೇಳಿದರು. “ಬರೋವಾಗ ಗ್ಯಾಸ್ ಆಫ್ ಮಾಡಿದ್ಯಾ?”

ಅದೇ ಅವರ ಕೊನೆಯ ಮಾತು. ಆಮೇಲೆ ಕೆಮ್ಮು ಬಂತು, ಇಂಜೆಕ್ಷನ್ ಬಂತು. ಮೆಟ್ಟಿಲಿಳಿಯುವಾಗ ಅಮ್ಮ ಅತ್ತರು. ಅತ್ತು ಮುಗಿಸಿ ಮೂಗು ಒರೆಸಿಕೊಂಡು, “ಆಫ್ ಮಾಡೀನಿ ಅಂತ್ಲೇ ಹೇಳಿದೆ. ಈಗ ನೋಡಿದ್ರೆ ಡೌಟು, ಬಾ ಒಂದ್ಸಲ ಮನೆಗೆ ಹೋಗಿ ನೋಡ್ಕೊಂಡು ಬರಾಣ,” ಎಂದರು.

ತಪ್ಪು ಯಾರದು

ಧ್ವನಿ ಹೋದ ಮೇಲೆ ಮೇಷ್ಟ್ರು ಮನೆಯಲ್ಲಿ ಕೂರುತ್ತಾರೆ ಎಂದುಕೊಂಡಿದ್ದೆವು. ಉಸಿರಾಟಕ್ಕೆಂದು ಗಂಟಲಿನಲ್ಲಿ ಮಾಡಿದ್ದ ತೂತಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ತರಗತಿಗೆ ಬಂದೇಬಿಟ್ಟರು. ಹೇಳಬೇಕಾದದ್ದನ್ನು ಬೋರ್ಡಿನ ಮೇಲೆ ಬರೆಯುವುದು, ತಪ್ಪಿಗೆ ಬೆಂಚು ಬಡಿಯುವುದು. ಮೊದಲು ಕೂಗುತ್ತಿದ್ದದ್ದಕ್ಕಿಂತ ಈಗಲೇ ಹೆಚ್ಚು ಚೆನ್ನಾಗಿ ಕೇಳಿಸುತ್ತಿತ್ತು ಅನ್ನುವುದು ಬೇರೆ ಮಾತು.

ಈ ಚಾಳಿ ತರಗತಿಯ ಹೊರಗೂ ಹೊರಟಿತು. ನಮ್ಮಲ್ಲಿ ಒಬ್ಬಳು ನರ್ಸಿಂಗ್ ಮುಗಿಸಿದ ಹುಡುಗಿ ಇದ್ದಳು. ಕೆಲಸ ಅವಳಿಗೆ ಬಹಳ ಬೇಕಾಗಿತ್ತು, ಮನೆಯಲ್ಲಿ ದುಡಿಯುವವರು ಬೇರೆ ಯಾರೂ ಇರಲಿಲ್ಲ. ರಾಜಾಜಿನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಇಂಟರ್‌ವ್ಯೂ. ಹೋಗಿ ಚೆನ್ನಾಗಿಯೇ ಉತ್ತರ ಕೊಟ್ಟಿದ್ದಾಳೆ. ಕೊನೆಯಲ್ಲಿ ಅಲ್ಲಿನ ಆಡಳಿತದವರು ನಗುತ್ತಾ, “ಸಂಡೇ ಆಲ್ಸೋ ವಿ ವಿಲ್ ಮೇಕ್ ಯು ಟು ವರ್ಕ್, ಓಕೇನಾ?” ಅಂದಿದ್ದಾರೆ. ಇವಳ ಕೈ ತಾನಾಗೇ ಎದ್ದು ಅವರ ಗಾಜಿನ ಟೇಬಲ್ಲಿನ ಮೇಲೆ ಬಿದ್ದಿದೆ. ಪೆನ್ ಸ್ಟ್ಯಾಂಡ್ ಉರುಳಿದೆ. ಭಾನುವಾರ ಕೆಲಸ ಮಾಡು ಅಂದಿದ್ದಕ್ಕೇ ಟೇಬಲ್ ಗುದ್ದುವ ಹುಡುಗಿ ನಾಳೆ ಪೇಷಂಟನ್ನೂ ಗುದ್ದಿಯಾಳು ಎಂದು ಅವರು ತೀರ್ಮಾನ ಮಾಡಿದ್ದಾರೆ.

ಅವಳು ಬಂದು ಅಳುತ್ತಾ ಇದನ್ನೆಲ್ಲ ಹೇಳಿದಳು. ಮೇಷ್ಟ್ರು ಗಂಭೀರವಾಗಿ ಕೇಳಿಸಿಕೊಂಡು, ಬೋರ್ಡಿನ ಹತ್ತಿರ ಹೋಗಿ ದೊಡ್ಡ ಅಕ್ಷರದಲ್ಲಿ ಬರೆದರು. “ತಪ್ಪು ಅವರದು.”

“ತಪ್ಪು ಅವ್ರದೇ ಸಾರ್,” ಎಂದಳು ಆ ಹುಡುಗಿ, “ಕೆಲ್ಸ ಹೋಗಿದ್ದು ನಂದು.”

ಮಾಡಿಸಿದವನು ಮರೆಯಾದರೆ

ಇನ್ನೊಬ್ಬ ಕೊಪ್ಪಳದ ಕಡೆಯವನು, ಮನೆಮನೆಗೆ ಊಟ ತಲುಪಿಸುವ ಡೆಲಿವರಿ ರೈಡರ್. ನಾಗರಭಾವಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಗೇಟಿನವನು ಕಾಯಿಸಿದ, ಲಿಫ್ಟಿನವನು ಬೇರೆ ಲಿಫ್ಟಿಗೆ ಹೋಗು ಅಂದ, ಮನೆಯವರು ಬಾಗಿಲು ತೆಗೆಯಲಿಲ್ಲ. ಊಟ ತಣ್ಣಗಾಯಿತು. ತಣ್ಣಗಾದದ್ದಕ್ಕೆ ಇವನ ಅಕೌಂಟು ಬಂದ್ ಆಯಿತು. ಹೆಲ್ಪ್‌ಲೈನಿಗೆ ಇಂಗ್ಲಿಷಿನಲ್ಲಿ ಏನು ಹೇಳಲಿ ಎಂದು ಬಂದ.

ಮೇಷ್ಟ್ರು ಬೋರ್ಡಿನ ಮೇಲೆ ಬರೆದರು, ‘ಐ ವಾಸ್ ಮೇಡ್ ಟು ವೆಯ್ಟ್.’ ನನ್ನನ್ನು ಕಾಯಿಸಲಾಯಿತು.

ಇಡೀ ತರಗತಿ ಬೆಂಚು ಬಡಿಯಿತು. ಮೇಕ್ ಆದ ಮೇಲೆ ‘ಟು’! ಅದೂ ಮೇಷ್ಟ್ರ ಕೈಯಲ್ಲಿ! ನಾನೇ ಒಂದು ಕ್ಷಣ ಕಕ್ಕಾಬಿಕ್ಕಿಯಾದ ಹಾಗೆ ನಟಿಸಿದೆ. ಮೇಷ್ಟ್ರು ಎರಡೂ ಕೈ ಎತ್ತಿ ಸುಮ್ಮನಿರಿಸಿ, ಕೆಳಗೆ ಕನ್ನಡದಲ್ಲಿ ಬರೆದರು. “ಮಾಡಿಸಿದವನು ವಾಕ್ಯದಲ್ಲಿ ಎದುರಿಗಿದ್ದರೆ ‘ಟು’ ಇಲ್ಲ. ಅವನು ಮರೆಯಾಗಿ, ಅನುಭವಿಸಿದವನು ಮುಂದೆ ನಿಂತರೆ ‘ಟು’ ಬರುತ್ತದೆ.”

ರೈಡರ್ ಅದನ್ನು ಎರಡು ಸಲ ಓದಿದ. “ಅಂದ್ರ ಸರ, ದೊಡ್ಡ ಮಂದಿ ತಪ್ಪಿಸ್ಕೊಂಡ್ರ, ಅವ್ರು ಬಿಟ್ಟು ಹೋದದ್ದನ್ನೂ ನಾವ ಹೊರಬೇಕ್ರಿ.”

ಮೇಷ್ಟ್ರು ಅವನ ಬೆನ್ನು ತಟ್ಟಿದರು. ಅವನು ಆ ವಾಕ್ಯವನ್ನು ಉರು ಹೊಡೆದು, ನಮ್ಮೆಲ್ಲರೆದುರೇ ಸ್ಪೀಕರ್ ಹಾಕಿ ಫೋನ್ ಮಾಡಿದ. ತಪ್ಪಿಲ್ಲದೆ ಹೇಳಿದ. ಆ ಕಡೆಯಿಂದ ಒಬ್ಬ ಹುಡುಗಿ ಮೆಲ್ಲಗೆ, “ಸಾರ್, ಕನ್ನಡ ಬರುತ್ತಾ? ನಂಗೆ ಇಂಗ್ಲಿಷ್ ಅಷ್ಟ್ ಫ್ಲೋ ಇಲ್ಲ,” ಎಂದಳು. ಅವನು ಮತ್ತೆ ಮೊದಲಿನಿಂದ ಕನ್ನಡದಲ್ಲಿ ಹೇಳಿದ. ಅವಳು ಅಯ್ಯೋ ಎಂದಳು, ಪಾಪ ಎಂದಳು, ಅಕೌಂಟು ಮಾತ್ರ ಮತ್ತೆ ತೆರೆಯಲಿಲ್ಲ. ಈಗ ಅವನು ಕೆಳಗೆ ಗಿರಣಿಯಲ್ಲೇ ಕೆಲಸಕ್ಕಿದ್ದಾನೆ.

“ಮೊದ್ಲ ಇಂಗ್ಲಿಷಿನ್ಯಾಗ ಆಗಂಗಿಲ್ಲ ಅಂತಿದ್ರು,” ಎಂದ ಅವತ್ತು ಫೋನಿಟ್ಟು, “ಈಗ ಕನ್ನಡದಾಗ ಆಗಂಗಿಲ್ಲ ಅಂದ್ರಲ್ರಿ, ಅಷ್ಟ ಸುಧಾರಣೆ.”

ಎಲೆಯ ಮುಂದೆ

ಕೆಂಗೇರಿ ಉಪನಗರದಿಂದ ಸ್ಕೂಟರಿನಲ್ಲಿ ಒಬ್ಬ ನಿವೃತ್ತ ಗುಮಾಸ್ತರು ಬರುತ್ತಿದ್ದರು. ಈ ವಯಸ್ಸಿನಲ್ಲಿ ಇಂಗ್ಲಿಷ್ ಯಾಕೆ ಎಂದರೆ, “ಮನೇಲಿ ಕನ್ನಡದಲ್ಲಿ ಮಾತಾಡೋದೆಲ್ಲ ಮುಗ್ದೋಗಿದೆ ಮೇಡಂ,” ಎನ್ನುತ್ತಿದ್ದರು. ಒಂದು ದಿನ ಅವರು ಬರಲಿಲ್ಲ. ಬೆಳಿಗ್ಗೆ ಕಾಫಿ ಕುಡಿದು ಕೂತವರು ಏಳಲೇ ಇಲ್ಲ ಎಂದು ಮಗಳು ಫೋನ್ ಮಾಡಿದಳು.

ವೈಕುಂಠ ಸಮಾರಾಧನೆಗೆ ನಾವೆಲ್ಲ ಹೋದೆವು. ಉದ್ದನೆಯ ಟೇಬಲ್ಲು, ಬಾಳೆ ಎಲೆ, ಎಲೆಯ ತುದಿಗೆ ಉಪ್ಪು ಬಡಿಸಿ ಆಗಿತ್ತು. ಊಟಕ್ಕೆ ಮುಂಚೆ ಅಳಿಯ ಎದ್ದು ನಿಂತು ಮಾವನವರ ಬಗ್ಗೆ ಎರಡು ಮಾತು ಇಂಗ್ಲಿಷಿನಲ್ಲಿ ಹೇಳಿದ. ದುಃಖದಲ್ಲಿದ್ದ. “ಹಿ ನೆವರ್ ಲೆಟ್ ಅಸ್ ಟು ಕ್ರೈ,” ಎಂದ.

ಧಡ್!

ಮೇಷ್ಟ್ರ ಕೈ ಮೊದಲು. ಅವರ ಹಿಂದೆ ನಮ್ಮ ಇಡೀ ಸಾಲು. ಎಲೆಗಳು ಎದ್ದು ಕೂತವು, ಯಾರದೋ ಲೋಟದ ನೀರು ಚೆಲ್ಲಿತು. ಚಪ್ಪರದಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎದುರು ಸಾಲಿನಲ್ಲಿ ಹಾಸನದ ಕಡೆಯಿಂದ ಬಂದಿದ್ದ ಒಬ್ಬ ಹಿರಿಯರು ಕನ್ನಡಕ ಸರಿಮಾಡಿಕೊಂಡು ನಮ್ಮನ್ನೇ ನೋಡಿದರು. ಆಮೇಲೆ ಪಕ್ಕದವರಿಗೆ, “ಬೆಂಗ್ಳೂರ್ ಕಡೆ ಸಂತಾಪಕ್ಕೆ ಹಿಂಗ್ ಮಾಡ್ತಾರೆ ಅಂತ ಕಾಣುತ್ತೆ ಕಣಯ್ಯ,” ಎಂದು ಹೇಳಿ, ಕಣ್ಣು ಮುಚ್ಚಿ, ಬಹಳ ಭಕ್ತಿಯಿಂದ ಟೇಬಲ್ಲಿಗೆ ಒಂದು ಏಟು ಹಾಕಿದರು. ಅವರನ್ನು ನೋಡಿ ಇಡೀ ಚಪ್ಪರ ಬಡಿಯಿತು.

ಅಳಿಯ ಕೈಮುಗಿದು ಬಿಕ್ಕಳಿಸುತ್ತಾ ಮತ್ತೊಂದು ಸಲ ಅದೇ ವಾಕ್ಯ ಹೇಳಿದ.

ಕೈ

ಈಗ ಹೇಳುವುದನ್ನು ಹೇಳದೆ ಇದ್ದರೆ ಇಲ್ಲಿಯವರೆಗೆ ಹೇಳಿದ್ದಕ್ಕೆ ಅರ್ಥವಿಲ್ಲ.

ಮೇಷ್ಟ್ರು ಬಚ್ಚಲಲ್ಲಿ ಬಿದ್ದರು. ತಲೆಯೊಳಗೆ ರಕ್ತನಾಳ ಒಡೆದಿತ್ತು. ವಿಜಯನಗರದ ಆಸ್ಪತ್ರೆಗೆ ಸೇರಿಸಿದಾಗಲೇ ಪ್ರಜ್ಞೆ ಇರಲಿಲ್ಲ. ಗಂಟಲಿನ ತೂತಿಗೇ ಕೊಳವೆ ಹಾಕಿ ಮೆಷೀನಿನಿಂದ ಉಸಿರಾಡಿಸುತ್ತಿದ್ದರು. ಅಮ್ಮ ಹೊರಗಿನ ಬೆಂಚಿನ ಮೇಲೆ ಕೂತವರು ಕೂತೇ ಇದ್ದರು. ನಾನು ಹೋಗುವುದು ಬರುವುದು. ಒಂದೇ ಸಮಾಧಾನವೆಂದರೆ, ಟೇಬಲ್ ಗುದ್ದಿ ಕೆಲಸ ಕಳೆದುಕೊಂಡಿದ್ದ ನಮ್ಮ ನರ್ಸ್ ಹುಡುಗಿಗೆ ಕೊನೆಗೂ ಕೆಲಸ ಸಿಕ್ಕಿದ್ದು ಅದೇ ಆಸ್ಪತ್ರೆಯಲ್ಲಿ, ಅದೇ ಐ.ಸಿ.ಯು.ನಲ್ಲಿ.

ಒಂದು ಮಧ್ಯಾಹ್ನ ಡಾಕ್ಟರು ನಮ್ಮಿಬ್ಬರನ್ನೂ ಒಳಗೆ ಕರೆದರು. ಚಿಕ್ಕ ವಯಸ್ಸಿನವರು, ಒಳ್ಳೆಯವರು. ಮಂಚದ ಪಕ್ಕ ನಿಂತು, “ಅಮ್ಮ, ನಾವ್ ಮಾಡೋದೆಲ್ಲ ಮಾಡಿದೀವಿ. ಇವ್ರಿಗೆ ನಮ್ ಮಾತು ಏನೂ ಕೇಳಿಸ್ತಿಲ್ಲ. ಮೆಷೀನ್ ತೆಗೆದು ಮನೆಗೆ ಕರ್ಕೊಂಡ್ ಹೋಗೋದಾದ್ರೆ ನೀವು ಡಿಸೈಡ್ ಮಾಡ್ಬೇಕು,” ಎಂದರು.

ಅಮ್ಮ ಸೆರಗಿನ ತುದಿ ಬಾಯಿಗಿಟ್ಟುಕೊಂಡರು. ಬೇರೆ ಯಾರೂ ಇರಲಿಲ್ಲ, ಹೌದು ಅನ್ನಬೇಕಾದವರೂ ಇಲ್ಲ ಅನ್ನಬೇಕಾದವರೂ ಅವರೊಬ್ಬರೇ. ನನ್ನ ಮುಖ ನೋಡಿದರು. ಡಾಕ್ಟರು ನನ್ನ ಕಡೆ ತಿರುಗಿ, ಇಂಗ್ಲಿಷ್ ಮೇಡಂ ಎಂಬ ಗೌರವದಿಂದಲೋ ಏನೋ, ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದರು. “ಲೆಟ್ ಹಿಮ್ ಟು ಗೋ, ಮೇಡಂ.”

ಇಂಥ ಹೊತ್ತಿನಲ್ಲೂ ನನ್ನ ಕೈ ಎದ್ದಿತು. ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡೆ. ಆ ಕಡೆ ನರ್ಸ್ ಹುಡುಗಿ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ತುಟಿ ಕಚ್ಚಿ ನಿಂತಿದ್ದಳು. ಒಂದು ಸಲ ಕೆಲಸ ಕಳೆದುಕೊಂಡವಳಲ್ಲವೇ.

ಟಣ್.

ಸದ್ದು ಬಂದದ್ದು ಮಂಚದ ಪಕ್ಕದ ಸ್ಟೀಲ್ ಕಂಬಿಯಿಂದ. ನಾನು ಅವಳ ಕಡೆ ಕಣ್ಣು ಬಿಟ್ಟೆ. “ನಾನಲ್ಲ ಮೇಡಂ,” ಎಂದಳು, ಕಟ್ಟಿದ್ದ ಕೈಗಳನ್ನು ಮುಂದೆ ತಂದು ತೋರಿಸಿ. ಅಮ್ಮನ ಕೈ ಸೆರಗಿನಲ್ಲಿತ್ತು. ಮೇಷ್ಟ್ರ ಬಲಗೈ ಕಂಬಿಗೆ ತಗಲಿಕೊಂಡು ಬಿದ್ದಿತ್ತು.

“ರಿಫ್ಲೆಕ್ಸ್ ಇರುತ್ತೆ,” ಎಂದರು ಡಾಕ್ಟರು.

“ಡಾಕ್ಟ್ರೇ, ಪ್ಲೀಸ್, ಇನ್ನೊಂದ್ಸಲ ಹೇಳಿ,” ಎಂದಳು ಹುಡುಗಿ.

“ಏನಂತ?”

“ಈಗ ಹೇಳಿದ್ರಲ್ಲ ಸಾರ್, ಹಂಗೇ ತಪ್ಪಾಗಿ.”

ಡಾಕ್ಟರಿಗೆ ಏನು ತಪ್ಪೆಂದೇ ಗೊತ್ತಿಲ್ಲ. ಆದರೂ ಹೇಳಿದರು. “ಲೆಟ್ ಹಿಮ್ ಟು ಗೋ.” ಟಣ್. ಈ ಸಲ ಬೆರಳು ಎದ್ದು ಬಿದ್ದದ್ದನ್ನು ನಾವೆಲ್ಲ ಕಣ್ಣಾರೆ ನೋಡಿದೆವು. ಡಾಕ್ಟರು ಬೆವರಿದರು. ನಾನು ಬಾಗಿ, ಪಾಠ ಒಪ್ಪಿಸುವವಳ ಹಾಗೆ ಸರಿಯಾದ ವಾಕ್ಯ ಹೇಳಿದೆ. “ಲೆಟ್ ಹಿಮ್ ಗೋ.” ಕೈ ಅಲುಗಲಿಲ್ಲ.

ಅಮ್ಮ ಗಾಬರಿಯಾದರು. “ಈಗ್ಯಾಕೆ ಸುಮ್ನದಾರೆ? ಹೋಗಾಕೆ ಒಪ್ಪಿಗೆ ಅಂತಾನಾ?”

ಇಷ್ಟು ವರ್ಷ ಇಂಗ್ಲಿಷ್ ಕಲಿಸಿದ್ದೇನೆ, ಅಷ್ಟು ಕಷ್ಟದ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. “ಗೊತ್ತಿಲ್ಲಮ್ಮ,” ಎಂದೆ. “ವಾಕ್ಯ ಸರಿ ಇದೆ ಅಂತ ಸುಮ್ನಿರಬೋದು.”

“ಅದೇ ಸರಿ,” ಎಂದರು ಅಮ್ಮ. ಅವರ ದನಿ ಗಟ್ಟಿಯಾಯಿತು. “ಈ ಮನುಷ್ಯ ಮದುವೆಯಾದಾಗಿಂದ ನಾನು ಏನು ಹೇಳ್ದೆ ಅಂತ ಕೇಳಿದೋರಲ್ಲ, ಹೆಂಗೆ ಹೇಳ್ದೆ ಅಂತ್ಲೇ ಕೇಳಿದೋರು. ತಪ್ಪು ಹುಡುಕೋವಷ್ಟು ಜೀವ ಐತಲ್ಲ ಡಾಕ್ಟ್ರೇ, ಮೆಷೀನು ಹಂಗೇ ಇರ್ಲಿ.”

ಮೆಷೀನ್ ಇತ್ತು. ನಿಧಾನಕ್ಕೆ ಅದನ್ನು ಬಿಡಿಸುವಷ್ಟು ಉಸಿರು ಬಂತು. ಮೇಷ್ಟ್ರು ಚಂದ್ರಾ ಲೇಔಟಿನ ಮನೆಗೆ ಮರಳಿದರು. ಎದ್ದು ಕೂರಲಿಲ್ಲ, ನಮ್ಮನ್ನು ಗುರುತು ಹಿಡಿದರೋ ಇಲ್ಲವೋ ಅದೂ ತಿಳಿಯಲಿಲ್ಲ. ಬಲಗೈ ಒಂದು ಬಿಟ್ಟರೆ ಮೈಯೆಲ್ಲ ಕೊರಡು. ಅಮ್ಮ ಆ ಕೈಯ ಕೆಳಗೆ ಒಂದು ಸ್ಟೀಲ್ ತಟ್ಟೆ ಇಟ್ಟರು. ಅವರಿಗೆ ಇಂಗ್ಲಿಷಿನಲ್ಲಿ ಬರುತ್ತಿದ್ದದ್ದು ಆ ಒಂದೇ ವಾಕ್ಯ, ಅದೂ ತಪ್ಪು. ಬೆಳಿಗ್ಗೆ ಎದ್ದು ಮುಖ ತೊಳೆದು ಬಂದು, ಕಿವಿಯ ಹತ್ತಿರ “ಲೆಟ್ ಹಿಮ್ ಟು ಗೋ” ಅನ್ನುವರು. ತಟ್ಟೆ ಟಣ್ ಅನ್ನುವುದು. “ಆಯ್ತು ಮಾರಾಯ್ರೆ, ತಪ್ಪಾಯ್ತು,” ಎಂದು ಕಾಫಿಗೆ ಹಾಲಿಡುವರು. ಗಂಡಹೆಂಡಿರು ಇಷ್ಟು ಮಾತಾಡಿದ್ದನ್ನು ನಾನು ಮೊದಲೆಂದೂ ನೋಡಿರಲಿಲ್ಲ.

ಮಳೆಗಾಲ ಕಳೆಯಿತು. ಒಂದು ಬೆಳಿಗ್ಗೆ ಅಮ್ಮ ಫೋನ್ ಮಾಡಿದರು, ಬೇಗ ಬಾ ಎಂದಷ್ಟೇ. ನಾನು ಹೋಗುವ ಹೊತ್ತಿಗೆ ನರ್ಸ್ ಹುಡುಗಿ ಬಂದಿದ್ದಳು. ನಾಡಿ ಹಿಡಿದು, ಎದೆಯ ಮೇಲೆ ಕೈಯಿಟ್ಟು ನೋಡಿ, ತಲೆ ತಗ್ಗಿಸಿ ಕೂತಿದ್ದಳು. ಅಮ್ಮ ಮಾತ್ರ ಒಪ್ಪಿರಲಿಲ್ಲ.

“ನಾನು ಹೇಳಿದ್ದು ಸರಿಯಾಗಿ ತಪ್ಪಾಗಿಲ್ಲ ಅನ್ಸುತ್ತೆ,” ಎಂದರು ನನಗೆ. “ನೀನು ಕಲಿತೋಳು, ನೀನು ಹೇಳು ಒಂದ್ಸಲ.”

ನಾನು ಮೇಷ್ಟ್ರ ಕಿವಿಯ ಹತ್ತಿರ ಬಾಗಿದೆ. ಕಷ್ಟಪಟ್ಟು, ಒಂದೊಂದೇ ಪದ ಬಿಡಿಸಿ, ತರಗತಿಯ ಕೊನೆಯ ಬೆಂಚಿಗೂ ಕೇಳುವಷ್ಟು ಜೋರಾಗಿ ಹೇಳಿದೆ. “ಲೆಟ್. ಹಿಮ್. ಟು. ಗೋ.”

ಮೂವರೂ ತಟ್ಟೆಯನ್ನೇ ನೋಡುತ್ತಾ ಕೂತೆವು.

ಅಮ್ಮ ಮೆಲ್ಲಗೆ ಆ ಕೈಯನ್ನು ಎತ್ತಿ ಎದೆಯ ಮೇಲಿಟ್ಟು, ತಟ್ಟೆ ತೆಗೆದುಕೊಂಡರು. “ಇಷ್ಟು ದೊಡ್ಡ ತಪ್ಪು ಕೇಳಿಸ್ಕೊಂಡು ಸುಮ್ನಿರೋ ಮನುಷ್ಯ ಅಲ್ಲ ಇವ್ರು. ಹೋಗ್ಯಾರೆ ಕಣಮ್ಮ,” ಎಂದರು. ಆಮೇಲೆ ಎದ್ದು ಅಡುಗೆ ಮನೆಗೆ ಹೋಗಿ, ಗ್ಯಾಸ್ ಆಫ್ ಆಗಿದೆಯಾ ಎಂದು ನೋಡಿ ಬಂದು, ಅವರ ಪಕ್ಕದಲ್ಲಿ ಕೂತು, “ಆಫ್ ಮಾಡೀನ್ರಿ,” ಎಂದರು.